ಸಾಂಬಾರ ಪದಾರ್ಥಗಳು: ಕೊಳ್ಳುವ, ಒಯ್ಯುವ, ಕಾಪಾಡುವ ಕ್ರಮ

ಪರಸ್ಥಳದಲ್ಲಿ ನೆಲೆಸುವ ಕುಟುಂಬವು ತನ್ನೊಡನೆ ಭಾಷೆಯನ್ನು ಒಯ್ಯುವಂತೆಯೇ ರುಚಿಯನ್ನೂ ಒಯ್ಯುತ್ತದೆ. ಅಂಬತ್ತೂರಿನಲ್ಲಿ 1949ರಲ್ಲಿ ಸೈಕಲ್ ಕಾರ್ಖಾನೆಯೂ 1964ರಲ್ಲಿ ಕೈಗಾರಿಕಾ ವಸಾಹತೂ ಸ್ಥಾಪಿತವಾದ ತರುವಾಯ ಉದ್ಯೋಗವನ್ನರಸಿ ನಾನಾ ಪ್ರಾಂತಗಳಿಂದ ಬಂದು ಇಲ್ಲಿ ನಿಂತ ಸಂಸಾರಗಳಲ್ಲಿ ಕನ್ನಡಿಗರ ಸಂಸಾರಗಳೂ ಸೇರಿವೆ. ಇವರು ರಜೆಗೆ ಊರಿಗೆ ಹೋಗಿ ಹಿಂದಿರುಗುವಾಗ ಬ್ಯಾಡಗಿ ಮೆಣಸಿನಕಾಯಿ, ಮಲೆನಾಡಿನ ಕರಿಮೆಣಸು, ಕೊಡಗಿನ ಏಲಕ್ಕಿ, ಮನೆಯಲ್ಲಿ ಹಸನು ಮಾಡಿದ ಕೊತ್ತಂಬರಿ ಬೀಜ ಇವುಗಳಲ್ಲಿ ಒಂದನ್ನಾದರೂ ತರದೆ ಇರುವುದು ಅಪರೂಪ. ಆ ಗಂಟನ್ನು ಕಟ್ಟಿಕೊಟ್ಟ ಕೈ ತಾಯಿಯದೋ ಅತ್ತೆಯದೋ ಆಗಿರುತ್ತದೆ. ಆದ್ದರಿಂದಲೇ ಅದಕ್ಕೆ ಅಂಗಡಿಯ ಬೆಲೆಯನ್ನು ಮೀರಿದ ಬೆಲೆಯುಂಟು.

ಹೀಗೆ ಏಪ್ರಿಲ್ ತಿಂಗಳಲ್ಲಿ ಬಂದ ಮೆಣಸಿನಕಾಯಿಯ ಚೀಲವೊಂದನ್ನು ದೀಪಾವಳಿ ಕಳೆದ ಮೇಲೆ, ಮಳೆ ಹಿಡಿದ ಒಂದು ದಿನ, ಬಿಚ್ಚಿದರೆಂದು ಭಾವಿಸೋಣ. ಪ್ಲಾಸ್ಟಿಕ್ ಚೀಲಕ್ಕೆ ಬಿಗಿಯಾಗಿ ಗಂಟು ಹಾಕಿದ್ದರೂ ಒಳಗಿನ ಕಾಯಿ ಮೆತ್ತಗಾಗಿದೆ, ಮುಗ್ಗಿದ ವಾಸನೆ ಬರುತ್ತಿದೆ, ಕೆಲವು ಕಾಯಿಗಳನ್ನು ಮುರಿದು ನೋಡಿದರೆ ಬೀಜದ ಸುತ್ತ ಬೂದುಬಣ್ಣದ ಬೂಷ್ಟು ಕಾಣುತ್ತದೆ. ಎಸೆಯಲು ಮನಸ್ಸು ಬಾರದು. ಒರೆಸಿ, ಬಿಸಿಲು ಬಂದ ದಿನ ಒಣಗಿಸಿ, ಚೆನ್ನಾಗಿ ಹುರಿದು ಪುಡಿ ಮಾಡಿದರೆ ದೋಷ ಕಳೆಯುವುದೆಂದು ಸಮಾಧಾನ ಮಾಡಿಕೊಳ್ಳುವುದು ಮನುಷ್ಯ ಸಹಜ. ಆದರೆ ಈ ಸಮಾಧಾನ ಸರಿಯಾದುದಲ್ಲ. ಅದು ಏಕೆ ಸರಿಯಲ್ಲ, ಗಟ್ಟಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲ ಏಕೆ ಕಾಪಾಡಲಿಲ್ಲ, ಅದಿಲ್ಲದೆ ಸಾಂಬಾರ ಪದಾರ್ಥಗಳನ್ನು ಕೊಂಡು, ಒಯ್ದು, ಇಟ್ಟುಕೊಳ್ಳುವ ಕ್ರಮವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಪ್ಲಾಸ್ಟಿಕ್ಕಿಗೆ ಮುಂಚೆ

ಸಾಂಬಾರ ಪದಾರ್ಥಗಳ ವ್ಯಾಪಾರ ಪ್ಲಾಸ್ಟಿಕ್ಕಿಗಿಂತ ಸಾವಿರಾರು ವರ್ಷ ಹಳೆಯದು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಆಕೆಯ ನಾಡಿನ ಕರಿಮೆಣಸು ತಿಂಗಳುಗಟ್ಟಲೆ ಹಡಗಿನಲ್ಲಿ ಪಯಣಿಸಿ ಯೂರೋಪನ್ನು ಸೇರುತ್ತಿತ್ತು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ರೈತರು ಅಕ್ಕಿಯನ್ನು ಹುಲ್ಲಿನ ಮುಡಿ ಕಟ್ಟಿ ಮಳೆಗಾಲವನ್ನು ಕಳೆಯುತ್ತಿದ್ದರು. ಬಯಲುಸೀಮೆಯಲ್ಲಿ ಗೋಣಿಚೀಲ, ಹಸಿಬೆ, ಮಣ್ಣಿನ ಗಡಿಗೆ, ಪಿಂಗಾಣಿಯ ಜಾಡಿ ಇವೇ ಸಾಧನಗಳಾಗಿದ್ದವು. ಅಂಗಡಿಯವನು ಕಾಗದದ ಪೊಟ್ಟಣ ಕಟ್ಟಿ ದಾರ ಸುತ್ತಿಕೊಡುತ್ತಿದ್ದ ಕಾಲ ಹಿರಿಯರ ನೆನಪಿನಲ್ಲಿ ಇನ್ನೂ ಉಳಿದಿದೆ.

ಪಾಲಿಥೀನ್ ಎಂಬ ವಸ್ತು ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಆಕಸ್ಮಿಕವಾಗಿ ಲಭಿಸಿದ್ದು 1933ರಲ್ಲಿ. ಇಂದು ಎಲ್ಲೆಡೆ ಕಾಣುವ ಹಿಡಿಕೆಯುಳ್ಳ ತೆಳುಚೀಲವನ್ನು ರಚಿಸಿದವನು ಸ್ವೀಡನ್ ದೇಶದ ಸ್ಟೆನ್ ಗುಸ್ತಾಫ್ ಥುಲಿನ್. ಅದಕ್ಕೆ ಹಕ್ಕುಪತ್ರ ದೊರೆತದ್ದು 1965ರಲ್ಲಿ. ಹಗುರ, ಅಗ್ಗ, ಒಳಗಿನ ವಸ್ತು ಹೊರಗೆ ಕಾಣುವ ಅನುಕೂಲ ಈ ಗುಣಗಳಿಂದ ಅದು ಒಂದೇ ತಲೆಮಾರಿನಲ್ಲಿ ಅಂಗಡಿಗಳನ್ನೆಲ್ಲ ಆಕ್ರಮಿಸಿತು. ಬಳಕೆ ಕೆಲವು ನಿಮಿಷಗಳದು, ಕಸವಾಗಿ ಉಳಿಯುವುದು ತಲೆಮಾರುಗಳ ಕಾಲ. ಪುಡಿಗಳನ್ನು ತುಂಬುವ ಹೊಳೆಯುವ ಪೊಟ್ಟಣಗಳಂತೂ ಹಲವು ಬಗೆಯ ಪದರಗಳನ್ನು ಅಂಟಿಸಿ ಮಾಡಿದವಾದ್ದರಿಂದ ಅವನ್ನು ಕರಗಿಸಿ ಮರುಬಳಕೆ ಮಾಡುವುದು ಬಹು ಕಷ್ಟ. ಅಂಥವು ಚೆನ್ನೈನ ಪೆರುಂಗುಡಿ, ಕೊಡುಂಗೈಯೂರುಗಳ ಕಸದ ರಾಶಿಯನ್ನೋ ಮಳೆನೀರಿನ ಕಾಲುವೆಯನ್ನೋ ಸೇರುತ್ತವೆ. 2022ರ ಏಪ್ರಿಲ್‌ನಲ್ಲಿ ಪೆರುಂಗುಡಿಯ ರಾಶಿಗೆ ಬೆಂಕಿ ತಗುಲಿ ದಿನಗಟ್ಟಲೆ ಹೊಗೆಯಾಡಿದುದನ್ನು ನಗರವಾಸಿಗಳು ಮರೆತಿರಲಾರರು.

ಸರಕಾರಗಳೂ ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ಕರ್ನಾಟಕವು 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ತಮಿಳುನಾಡಿನಲ್ಲಿ ಒಮ್ಮೆ ಬಳಸಿ ಬಿಸಾಡುವ 14 ಬಗೆಯ ಪ್ಲಾಸ್ಟಿಕ್ ವಸ್ತುಗಳ ಮೇಲಿನ ನಿಷೇಧ 2019ರ ಜನವರಿ 1ರಿಂದ ಜಾರಿಗೆ ಬಂದಿತು. ಕೈಚೀಲವನ್ನು, ಅದು ಎಷ್ಟೇ ದಪ್ಪವಾಗಿರಲಿ, ಈ ಪಟ್ಟಿಯಲ್ಲಿ ಸೇರಿಸಲಾಗಿದೆ. 2021ರ ಡಿಸೆಂಬರಿನಲ್ಲಿ ರಾಜ್ಯ ಸರಕಾರವು ‘ಮೀಂಡುಂ ಮಂಜಪ್ಪೈ’, ಎಂದರೆ ‘ಮರಳಿ ಹಳದಿ ಚೀಲ’, ಎಂಬ ಪ್ರಚಾರವನ್ನು ಆರಂಭಿಸಿತು. ಮದುವೆ ಮನೆಗಳಲ್ಲಿ ತಾಂಬೂಲ ಹಾಕಿ ಕೊಡುವ ಹಳದಿ ಬಟ್ಟೆಯ ಚೀಲ ಕನ್ನಡಿಗರಿಗೂ ಹೊಸದಲ್ಲ.

ಶತ್ರು ಯಾವುದು?

ಪ್ಲಾಸ್ಟಿಕ್ಕನ್ನು ಬಿಡಬೇಕೆಂದೊಡನೆ ಗೃಹಿಣಿಯರಲ್ಲಿ ಏಳುವ ಸಂದೇಹ ಒಂದೇ: ಬಟ್ಟೆಯಲ್ಲಿಯೂ ಕಾಗದದಲ್ಲಿಯೂ ಇಟ್ಟರೆ ಪದಾರ್ಥ ಕೆಡುವುದಿಲ್ಲವೆ? ಈ ಸಂದೇಹ ನಿರಾಧಾರವಲ್ಲ. ಅದಕ್ಕೆ ಉತ್ತರ ದೊರೆಯಬೇಕಾದರೆ ಸಾಂಬಾರ ಪದಾರ್ಥಗಳ ಶತ್ರು ಯಾವುದೆಂಬುದನ್ನು ಮೊದಲು ತಿಳಿಯಬೇಕು.

ಆ ಶತ್ರುಗಳು ನಾಲ್ಕು: ತೇವ, ಶಾಖ, ಬೆಳಕು ಮತ್ತು ಗಾಳಿ. ಗಾಳಿ ಮತ್ತು ಶಾಖದಿಂದ ಸುವಾಸನೆಯ ತೈಲ ಆವಿಯಾಗುತ್ತದೆ. ಬೆಳಕಿನಿಂದ ಮೆಣಸಿನಕಾಯಿಯ ಕೆಂಪು, ಅರಿಶಿನದ ಹಳದಿ, ಏಲಕ್ಕಿಯ ಹಸಿರು ಮಾಸುತ್ತವೆ. ಈ ಮೂರರಿಂದ ಆಗುವುದು ರುಚಿಯ ನಷ್ಟ, ಬಣ್ಣದ ನಷ್ಟ. ತೇವದಿಂದ ಆಗುವುದು ಮಾತ್ರ ಆರೋಗ್ಯದ ನಷ್ಟ. ಮೆಣಸಿನಕಾಯಿಯಲ್ಲಿ ಉಳಿದ ನೀರಿನ ಅಂಶ ಶೇಕಡಾ 11ನ್ನು ಮೀರಬಾರದೆಂದು ಆಹಾರ ನಿಯಮಗಳು ವಿಧಿಸಿರುವುದು ಇದರಿಂದಲೇ. ಸುತ್ತಲಿನ ಗಾಳಿಯ ಆರ್ದ್ರತೆ ಬಹುಕಾಲ ಶೇಕಡಾ 65ರಿಂದ 70ನ್ನು ಮೀರಿದ್ದರೆ, ಒಣಗಿದ ಪದಾರ್ಥವು ಮೆಲ್ಲಮೆಲ್ಲನೆ ಆ ತೇವವನ್ನು ಹೀರಿಕೊಂಡು ಬೂಷ್ಟಿಗೆ ಆಶ್ರಯವಾಗುತ್ತದೆ.

ಇಲ್ಲಿಯೇ ಊರಿಗೂ ಅಂಬತ್ತೂರಿಗೂ ಇರುವ ಭೇದವನ್ನು ಗಮನಿಸಬೇಕು. ಹಾವೇರಿ ಜಿಲ್ಲೆಯ ಬ್ಯಾಡಗಿ ಇರುವುದು ಒಣಹವೆಯ ಎತ್ತರದ ಸೀಮೆಯಲ್ಲಿ. ಅಲ್ಲಿ ಗೋಣಿಯಲ್ಲಿ ಕಟ್ಟಿ ಮೂಲೆಗಿಟ್ಟರೂ ಮೆಣಸಿನಕಾಯಿ ಬೇಸಿಗೆಯೆಲ್ಲ ಗರಿಗರಿಯಾಗಿರುತ್ತದೆ. ಅಂಬತ್ತೂರಾದರೋ ಸಮುದ್ರಕ್ಕೆ ಸಮೀಪವಾದ ತಗ್ಗು ಸೀಮೆ, ಕೆರೆಗಳ ನೆರೆಹೊರೆ. ಮಧ್ಯಾಹ್ನ ಕಳೆಯುತ್ತಲೇ ಕಡಲಗಾಳಿ ತೇವವನ್ನು ಹೊತ್ತು ತರುತ್ತದೆ. ಚೆನ್ನೈಗೆ ವರ್ಷದಲ್ಲಿ ಬೀಳುವ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬೀಳುತ್ತದೆ. ಊರಿನಲ್ಲಿ ಹೊಂದಿದ್ದ ಕ್ರಮವನ್ನೇ ಇಲ್ಲಿಯೂ ಅನುಸರಿಸಿದರೆ ಫಲ ಬೇರೆಯಾಗುವುದು ಆಶ್ಚರ್ಯವಲ್ಲ.

ಬಿಗಿದ ಪ್ಲಾಸ್ಟಿಕ್ ಚೀಲ ಹೊರಗಿನ ತೇವವನ್ನು ಕೆಲಮಟ್ಟಿಗೆ ತಡೆಯುವುದು ನಿಜ. ಆದರೆ ಪದಾರ್ಥ ಪೂರ್ತಿ ಒಣಗಿರದಿದ್ದರೆ ಒಳಗಿನ ತೇವವನ್ನೂ ಅದು ಹೊರಬಿಡುವುದಿಲ್ಲ. ಹಗಲಿನ ಶಾಖಕ್ಕೆ ಆವಿಯಾದ ನೀರು ರಾತ್ರಿಯ ತಂಪಿಗೆ ಚೀಲದ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಕಾಯಿಯ ಮೇಲೆ ಬೀಳುತ್ತದೆ. ಮೂಟೆ ಕಟ್ಟುವಾಗ ಮೆಣಸಿನಕಾಯಿ ಪುಡಿಯಾಗದಿರಲೆಂದು ಸ್ವಲ್ಪ ನೀರು ಚಿಮುಕಿಸುವ ರೂಢಿ ಮಂಡಿಗಳಲ್ಲಿ ಉಂಟಾದುದರಿಂದ ಈ ಅಪಾಯ ಹೆಚ್ಚು. ಇತ್ತ, ತೆಳುವಾದ ಪಾಲಿಥೀನ್ ಸುವಾಸನೆಯನ್ನು ಪೂರ್ತಿ ತಡೆಯಲಾರದು. ಲವಂಗದ ಪೊಟ್ಟಣವನ್ನಿಟ್ಟ ಕಪಾಟು ಬಾಗಿಲು ತೆರೆದೊಡನೆ ಘಮ್ಮೆನ್ನುವುದೇ ಇದಕ್ಕೆ ಸಾಕ್ಷಿ. ಸಣ್ಣ ಹುಳುಗಳೂ ಅದನ್ನು ಕೊರೆದು ಒಳಹೋಗಬಲ್ಲವು. ಒಟ್ಟಿನಲ್ಲಿ, ಪದಾರ್ಥವನ್ನು ಕಾಪಾಡುವುದು ಚೀಲವಲ್ಲ, ಪದಾರ್ಥದ ಒಣಗು. ಒಯ್ಯುವುದಕ್ಕೆ ಬಟ್ಟೆ, ಉಳಿಸುವುದಕ್ಕೆ ಲೋಹ ಅಥವಾ ಗಾಜು ಎಂಬ ಸೂತ್ರವನ್ನು ನೆನಪಿಟ್ಟರೆ ಉಳಿದುದೆಲ್ಲ ಅದರ ವಿವರಣೆ ಮಾತ್ರ.

ಬೂಷ್ಟಿನ ವಿಷ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿಕೋಳಿಗಳು ಕಾರಣ ತಿಳಿಯದೆ ಸತ್ತವು. ಅವುಗಳ ಆಹಾರದಲ್ಲಿದ್ದ ಕಡಲೆಕಾಯಿ ಹಿಂಡಿಯನ್ನು ಪರೀಕ್ಷಿಸಿದಾಗ ‘ಆಸ್ಪರ್ಜಿಲ್ಲಸ್ ಫ್ಲೇವಸ್’ ಎಂಬ ಶಿಲೀಂಧ್ರವೂ ಅದು ಉತ್ಪಾದಿಸುವ ವಿಷವೂ ಪತ್ತೆಯಾದವು. ಆ ವಿಷಕ್ಕೆ ‘ಅಫ್ಲಾಟಾಕ್ಸಿನ್’ ಎಂದು ಹೆಸರಾಯಿತು. ಭಾರತಕ್ಕೂ ಇದರ ಕಹಿ ಅನುಭವ ಉಂಟು. 1974ರಲ್ಲಿ ಅಕಾಲದ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದು ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳಲ್ಲಿ ನೂರಕ್ಕೂ ಹೆಚ್ಚು ಜನ ಯಕೃತ್ತಿನ ಬೇನೆಯಿಂದ ಮೃತರಾದರು. ಅದೇ ಆಹಾರವನ್ನು ತಿಂದ ಮನೆಯ ನಾಯಿಗಳೂ ಸತ್ತವು. ಬೇರೆ ಆಹಾರಕ್ಕೆ ಅನುಕೂಲವಿಲ್ಲದ ಬಡವರು ಕೆಟ್ಟ ಧಾನ್ಯವನ್ನು ಎಸೆಯಲಾರದೆ ತಿಂದದ್ದೇ ಆ ದುರಂತದ ಹಿನ್ನೆಲೆ.

ಸಾಂಬಾರ ಪದಾರ್ಥಗಳನ್ನು ಜೋಳದಂತೆ ಹೊಟ್ಟೆ ತುಂಬ ಯಾರೂ ತಿನ್ನುವುದಿಲ್ಲ. ಆದ್ದರಿಂದ ಒಂದು ದಿನದ ಸಾರಿನಿಂದ ಇಂಥ ಅನಾಹುತವಾಗುವುದೆಂದು ಹೆದರಬೇಕಾದ ಕಾರಣವಿಲ್ಲ. ಆದರೆ ಒಮ್ಮೆ ಮಾಡಿದ ಪುಡಿ ತಿಂಗಳುಗಟ್ಟಲೆ ದಿನಕ್ಕೆರಡು ಸಲ ಮನೆಮಂದಿಯ ಹೊಟ್ಟೆ ಸೇರುತ್ತದೆ; ಮಕ್ಕಳೂ ಅದನ್ನೇ ಉಣ್ಣುತ್ತಾರೆ. ಈ ವಿಷವು ದೀರ್ಘಕಾಲ ಅಲ್ಪಸ್ವಲ್ಪವಾಗಿ ಸೇರಿದರೂ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ಸಿದ್ಧಪಟ್ಟಿದೆ. ಹೆಪಟೈಟಿಸ್ ‘ಬಿ’ ಸೋಂಕು ಉಳ್ಳವರಲ್ಲಿ ಅಪಾಯ ಹಲವು ಪಟ್ಟು ಅಧಿಕ. ಸಾಂಬಾರ ಪದಾರ್ಥಗಳಲ್ಲಿ ಮೆಣಸಿನಕಾಯಿ, ಕರಿಮೆಣಸು, ಶುಂಠಿ, ಅರಿಶಿನ, ಜಾಯಿಕಾಯಿ ಇವು ಬೂಷ್ಟಿಗೆ ಬೇಗ ಒಳಗಾಗುತ್ತವೆ. ಲವಂಗ, ಚಕ್ಕೆಗಳು ತಮ್ಮ ತೈಲದ ಗುಣದಿಂದ ಕೆಲಮಟ್ಟಿಗೆ ತಾಳಿಕೊಳ್ಳುತ್ತವೆ.

ಮುಖ್ಯವಾಗಿ ತಿಳಿದಿರಬೇಕಾದ ಸಂಗತಿ ಇದು. ಹುರಿಯುವುದರಿಂದಲೂ ಕುದಿಸುವುದರಿಂದಲೂ ರೋಗಾಣುಗಳು ಸಾಯುತ್ತವೆ, ಶಿಲೀಂಧ್ರವೂ ಸಾಯಬಹುದು. ಆದರೆ ಅದು ಬಿಟ್ಟುಹೋದ ವಿಷ ಅಡುಗೆಮನೆಯ ಶಾಖಕ್ಕೆ ಪೂರ್ತಿ ನಾಶವಾಗುವುದಿಲ್ಲ. ಒರೆಸಿದರೆ ಹೋಗುವುದು ಕಣ್ಣಿಗೆ ಕಾಣುವ ಬೂಷ್ಟು ಮಾತ್ರ. ಆದ್ದರಿಂದ ಬೂಷ್ಟು ಕಂಡ ಪದಾರ್ಥವನ್ನು ಎಸೆಯುವುದೊಂದೇ ಮಾರ್ಗ. ಅದನ್ನು ಕೆಲಸದವರಿಗೆ ಕೊಡುವುದಾಗಲಿ ದನಕ್ಕೆ ಹಾಕುವುದಾಗಲಿ ಸಲ್ಲದು. ದನದ ಮೂಲಕ ವಿಷ ಹಾಲಿಗೂ ಇಳಿಯುತ್ತದೆ.

ಹಳೆಯ ಪತ್ರಿಕೆ ಪರ್ಯಾಯವಲ್ಲ

ಪ್ಲಾಸ್ಟಿಕ್ ಬೇಡವೆಂದು ಹಳೆಯ ವೃತ್ತಪತ್ರಿಕೆಯ ಪೊಟ್ಟಣಕ್ಕೆ ಮರಳುವುದು ಒಂದು ಕೇಡನ್ನು ಬಿಟ್ಟು ಇನ್ನೊಂದನ್ನು ಹಿಡಿದಂತೆ. ಮುದ್ರಣದ ಶಾಯಿಯಲ್ಲಿ ಸೀಸವೇ ಮುಂತಾದ ಅಹಿತಕರ ವಸ್ತುಗಳು ಇರಬಹುದು. ಪತ್ರಿಕೆ ಹಲವರ ಕೈ ದಾಟಿ, ರದ್ದಿ ಅಂಗಡಿಯ ನೆಲದಲ್ಲಿ ಬಿದ್ದು ಬಂದಿರುತ್ತದೆ. ಎಣ್ಣೆಯ ಅಂಶವುಳ್ಳ ಪದಾರ್ಥಗಳು ಶಾಯಿಯನ್ನು ಬೇಗ ಹೀರುತ್ತವೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2016ರ ಡಿಸೆಂಬರಿನಲ್ಲಿಯೇ ಈ ಬಗ್ಗೆ ಎಚ್ಚರಿಕೆ ನೀಡಿತು. 2018ರ ನಿಯಮಗಳಲ್ಲಿ ಆಹಾರವನ್ನು ವೃತ್ತಪತ್ರಿಕೆಯಲ್ಲಿ ಕಟ್ಟುವುದನ್ನು ನಿಷೇಧಿಸಿತು. ಕಾಗದವೇ ಬೇಕಾದಲ್ಲಿ ಅಚ್ಚಾಗದ ಶುದ್ಧ ಕಂದು ಕಾಗದವನ್ನು ಬಳಸಬಹುದು. ತಂತಿಯ ಪಿನ್ನು ಹೊಡೆದ ಪೊಟ್ಟಣವನ್ನು ಒಪ್ಪಬಾರದು. ಮೆಂತ್ಯದ ಕಾಳುಗಳ ನಡುವೆ ಉದುರಿದ ಪಿನ್ನು ಸುಲಭವಾಗಿ ಕಣ್ಣಿಗೆ ಬೀಳದು.

ಕೊಳ್ಳುವ ಕ್ರಮ

ಬಿಡಿಯಾಗಿ ಕೊಳ್ಳುವವರು ಇಡಿಯಾದ ಪದಾರ್ಥವನ್ನೇ ಕೊಳ್ಳಬೇಕು. ಪುಡಿಗಳನ್ನು ಕಟ್ಟಿದ ಪೊಟ್ಟಣಗಳಲ್ಲಲ್ಲದೆ ಬಿಡಿಯಾಗಿ ಮಾರಬಾರದೆಂಬ ನಿಯಮವೇ ಇದೆ. ಇದಕ್ಕೆ ಕಾರಣ ಸ್ಪಷ್ಟ. ಪುಡಿಯಲ್ಲಿ ಇಟ್ಟಿಗೆಯ ಧೂಳು, ಕೃತಕ ಬಣ್ಣ, ಹಿಟ್ಟು ಏನನ್ನು ಬೆರೆಸಿದರೂ ಕಣ್ಣಿಗೆ ಕಾಣದು. ಮೆಣಸಿನಪುಡಿಗೆ ಬೆರೆಸಿದ್ದ ‘ಸೂಡಾನ್’ ಎಂಬ ಕೈಗಾರಿಕಾ ಬಣ್ಣದ ಕಾರಣ 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ಸಿದ್ಧ ಆಹಾರಗಳನ್ನು ಹಿಂತೆಗೆಯಬೇಕಾಯಿತು. ಇಡಿಯಾದ ಕಾಯಿ, ಬೀಜ, ತೊಗಟೆಗಳು ತಮ್ಮ ಗುಣಾವಗುಣಗಳನ್ನು ತಾವೇ ತೋರಿಸುತ್ತವೆ. ಮೇಲಾಗಿ ಪುಡಿ ಮಾಡಿದೊಡನೆ ಸುವಾಸನೆ ಕುಗ್ಗತೊಡಗುತ್ತದೆ. ಇಡಿಯಾದುದು ಬಹುಕಾಲ ಬಾಳುತ್ತದೆ.

ಅಂಬತ್ತೂರಿನ ನಿವಾಸಿಗಳಿಗೆ ದಿನಸಿಯ ಅಂಗಡಿಗಳೂ ನಾಟಿಮದ್ದಿನ ಅಂಗಡಿಗಳೂ ಹತ್ತಿರದಲ್ಲಿಯೇ ಉಂಟು. ಹೆಚ್ಚು ಪ್ರಮಾಣದಲ್ಲಿ ಬೇಕಾದವರು ವಿದ್ಯುತ್ ರೈಲು ಹಿಡಿದು ಸೆಂಟ್ರಲ್ ನಿಲ್ದಾಣದಲ್ಲಿಳಿದು ಜಾರ್ಜ್‌ಟೌನಿನ ಕೊತ್ತವಾಲ್ ಚಾವಡಿಯ ಬೀದಿಗಳಿಗೆ ಹೋಗಬಹುದು. ತರಕಾರಿಯ ಸಗಟು ವ್ಯಾಪಾರ 1996ರಲ್ಲಿ ಕೋಯಂಬೇಡಿಗೆ ವರ್ಗವಾದರೂ ದಿನಸಿಯ ವ್ಯಾಪಾರ ಆ ಬೀದಿಗಳಲ್ಲಿ ಉಳಿದಿದೆ. ಹೊಸದಾಗಿ ಬಂದವರಿಗೆ ಅಂಗಡಿಯ ಹೆಸರುಗಳು ತೊಡಕಾಗುವುದುಂಟು. ತಮಿಳಿನಲ್ಲಿ ಮಲ್ಲಿ ಎಂದರೆ ದಿನಸಿ ಅಂಗಡಿಯಲ್ಲಿ ಹೂವಲ್ಲ, ಕೊತ್ತಂಬರಿ. ಮಿಳಗು ಎಂದರೆ ಕರಿಮೆಣಸು, ಮಿಳಗಾಯ್ ಎಂದರೆ ಮೆಣಸಿನಕಾಯಿ. ಕನ್ನಡದಲ್ಲಿ ಬರಿಯ ‘ಮೆಣಸು’ ಎಂದು ಕೇಳಿದರೆ ಅಂಗಡಿಯವನು ಯಾವುದನ್ನಾದರೂ ಕೊಡಬಹುದು. ವೆಂದಯಂ ಮೆಂತ್ಯ, ಕಡುಗು ಸಾಸಿವೆ, ಪಟ್ಟೈ ಚಕ್ಕೆ, ಕಿರಾಂಬು ಲವಂಗ, ಸೋಂಬು ಬಡೆಸೋಪು, ಕಲ್ಪಾಸಿ ಕಲ್ಲುಹೂವು, ಪೆರುಂಗಾಯಂ ಇಂಗು.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಸುಕ್ಕುಗಟ್ಟಿದ ಸಿಪ್ಪೆ, ಗಾಢ ಕೆಂಪು, ಕಡಿಮೆ ಖಾರ ಅದರ ಲಕ್ಷಣಗಳು. ತಮಿಳುನಾಡಿನ ರಾಮನಾಥಪುರದ ಗುಂಡು ಮೆಣಸಿನಕಾಯಿಗೆ ಅದೇ ಮಾನ್ಯತೆ 2023ರಲ್ಲಿ ದೊರೆಯಿತು. ಅದರ ಆಕಾರವೂ ಖಾರವೂ ಬೇರೆ. ಊರಿನ ಅಳತೆಯಲ್ಲಿಯೇ ಅದನ್ನು ಹಾಕಿ ಸಾರಿನಪುಡಿ ಮಾಡಿದರೆ ಮಕ್ಕಳಿಗೆ ಉಣ್ಣಲು ಕಷ್ಟವಾದೀತು.

ಪರೀಕ್ಷೆಗಳು ಸುಲಭ. ಚೆನ್ನಾಗಿ ಒಣಗಿದ ಮೆಣಸಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿದರೆ ಬೀಜ ಗಲಗಲನೆ ಸದ್ದು ಮಾಡುತ್ತದೆ. ಒಂದೆರಡನ್ನು ಸೀಳಿ ಒಳಗೆ ಬೂಷ್ಟಿದೆಯೇ ಎಂದು ನೋಡಬೇಕು. ಕರಿಮೆಣಸನ್ನು ನೀರಿಗೆ ಹಾಕಿದರೆ ಒಳ್ಳೆಯ ಕಾಳು ಮುಳುಗುತ್ತದೆ. ಪರಂಗಿ ಬೀಜವೂ ಜೊಳ್ಳು ಕಾಳೂ ತೇಲುತ್ತವೆ. ಅರಿಶಿನದ ಕೊಂಬನ್ನು ನೀರಿರುವ ಲೋಟದಲ್ಲಿ ಇಟ್ಟೊಡನೆ ಗಾಢ ಹಳದಿ ಬಣ್ಣ ಇಳಿಯತೊಡಗಿದರೆ ಅದಕ್ಕೆ ಸೀಸದ ಬಣ್ಣ ಬಳಿದಿರಬಹುದೆಂದು ಶಂಕಿಸಬೇಕು. ಅತಿಯಾದ ಹೊಳಪು ಒಳ್ಳೆಯತನದ ಗುರುತಲ್ಲ.

ತೂಕದ ವಿಷಯದಲ್ಲಿ ಸಂಕೋಚ ಪಡಬಾರದು. ತನ್ನ ಚೀಲವನ್ನೋ ಡಬ್ಬಿಯನ್ನೋ ತಂದವರು ಅದನ್ನು ಬರಿದಾಗಿ ಮೊದಲು ತೂಗಿಸಿ, ತಕ್ಕಡಿಯನ್ನು ಸೊನ್ನೆಗೆ ತರಿಸಿ, ಬಳಿಕ ಪದಾರ್ಥವನ್ನು ಹಾಕಿಸಬೇಕು. 25 ಗ್ರಾಂ ತೂಗುವ ಬಟ್ಟೆಯ ಸಂಚಿಯಲ್ಲಿ 50 ಗ್ರಾಂ ಏಲಕ್ಕಿ ಕೊಂಡಾಗ ಸಂಚಿಯ ತೂಕವೂ ಲೆಕ್ಕಕ್ಕೆ ಸೇರಿದರೆ ಮನೆ ಸೇರುವುದು ಅರ್ಧ ಏಲಕ್ಕಿ ಮಾತ್ರ. ಸಂಚಿಯ ಅಂಚಿನಲ್ಲಿ ಅದರ ತೂಕವನ್ನು ದಾರದಿಂದ ಹೊಲಿದಿಟ್ಟರೆ ವಾದಕ್ಕೆ ಅವಕಾಶವಿರದು.

ಒಯ್ಯುವ ಕ್ರಮ

ಪದಾರ್ಥಕ್ಕೆ ನೇರವಾಗಿ ತಗಲುವ ಸಂಚಿಗೆ ಬಣ್ಣವಿಲ್ಲದ ಕೋರಾ ಹತ್ತಿಬಟ್ಟೆಯೇ ಯೋಗ್ಯ. ಗಂಜಿ ಹೋಗುವಂತೆ ಎರಡು ಬಾರಿ ಒಗೆದು ಹೊಲಿಯಬೇಕು. ಒಳಹೊಲಿಗೆಯ ಅಂಚುಗಳನ್ನು ಮಡಿಸಿ ಹೊಲಿದರೆ ಬೀಜ, ಧೂಳು ಸಿಕ್ಕಿಕೊಳ್ಳುವುದಿಲ್ಲ. ಸಾಸಿವೆ, ಗಸಗಸೆಗಳಿಗೆ ನೇಯ್ಗೆ ಒತ್ತಾಗಿರಬೇಕು. ಮದುವೆ ಮನೆಯ ಹಳದಿ ಚೀಲಕ್ಕೆ ಬಣ್ಣ ಹಾಕಿರುವುದರಿಂದ ಪದಾರ್ಥವನ್ನು ಅದರೊಳಕ್ಕೆ ನೇರವಾಗಿ ಸುರಿಯದೆ, ಬಿಳಿಯ ಸಂಚಿಗಳನ್ನು ಅದರಲ್ಲಿಟ್ಟು ತರುವುದು ಕ್ಷೇಮ. ಐದಾರು ಸಂಚಿಗಳ ಒಂದು ಜೊತೆ ಸಂಸಾರಕ್ಕೆ ಸಾಕು. ಮೆಣಸಿನಕಾಯಿಯ ಸಂಚಿಯನ್ನು ಬೇರೆ ಯಾವುದಕ್ಕೂ ಬಳಸದಿರುವುದು ಲೇಸು. ಪ್ರತಿ ಸಲ ಬರಿದಾದ ಮೇಲೆ ಸುವಾಸನೆಯಿಲ್ಲದ ಸಾಬೂನಿನಿಂದ ಒಗೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಇಸ್ತ್ರಿ ಮಾಡಿ ಮಡಿಸಿಡಬೇಕು. ಒಗೆಯದ ಸಂಚಿಯ ಮೂಲೆಯಲ್ಲಿ ಉಳಿದ ಹಳೆಯ ಪುಡಿಯೇ ಹೊಸ ಪದಾರ್ಥಕ್ಕೆ ಹುಳುವಿನ ಬೀಜ.

ಊರಿನಿಂದ ರೈಲಿನಲ್ಲಿ ತರುವವರು ಇನ್ನೂ ಕೆಲವು ವಿಷಯಗಳನ್ನು ಗಮನಿಸಬೇಕು. ಎರಡನೆಯ ದರ್ಜೆಯಲ್ಲಿ 35 ಕಿಲೋ, ಸ್ಲೀಪರ್ ದರ್ಜೆಯಲ್ಲಿ 40 ಕಿಲೋ ಸಾಮಾನನ್ನು ಉಚಿತವಾಗಿ ಒಯ್ಯಲು ಅವಕಾಶವಿರುವುದರಿಂದ ಭಾರದ ಚಿಂತೆ ಹೆಚ್ಚಿಲ್ಲ. ಚಿಂತೆ ಇರುವುದು ನೆರೆಯ ವಸ್ತುವಿನದು. ಹಸಿ ತೆಂಗಿನಕಾಯಿ, ಬಾಳೆಲೆ, ಮಾವಿನಕಾಯಿ, ವೀಳೆಯದೆಲೆ ಇವುಗಳೊಡನೆ ಒಂದೇ ಚೀಲದಲ್ಲಿ ಮೆಣಸಿನಕಾಯಿಯನ್ನಿಟ್ಟರೆ ಒಂದು ರಾತ್ರಿಯ ಪಯಣದಲ್ಲಿಯೇ ಅದು ತೇವವನ್ನು ಹೀರುತ್ತದೆ. ಕಾಫಿಪುಡಿ ಇತರ ವಾಸನೆಗಳನ್ನು ಬೇಗ ಹಿಡಿಯುವುದರಿಂದ ಅದನ್ನು ಪ್ರತ್ಯೇಕವಾಗಿಡಬೇಕು. ಏಲಕ್ಕಿ, ಲವಂಗ, ಜಾಪತ್ರೆಗಳಿಗೆ ಬಿಗಿ ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿ ಒಳ್ಳೆಯದು. ಊಟದ ಕ್ಯಾರಿಯರಿನ ಒಂದು ಅಂಕಣವೂ ಆದೀತು. ಇಂಗಿಗೆ ಪ್ರತ್ಯೇಕ ತಗಡಿನ ಡಬ್ಬಿಯೇ ಗತಿ. ಮೆಣಸಿನಕಾಯಿಯನ್ನು ಎಲ್ಲದರ ಮೇಲೆ ಇಡಬೇಕು. ಭಾರ ಬಿದ್ದು ಒಡೆದರೆ ಘಾಟು ಎದ್ದು ಸಹಪ್ರಯಾಣಿಕರು ಕೆಮ್ಮುವಂತಾಗುತ್ತದೆ. ಮಳೆಗಾಲವಾದರೆ ಹೊರಚೀಲಕ್ಕೆ ಮೇಣಬಟ್ಟೆಯ ಹೊದಿಕೆ ಬೇಕು. ಮನೆಯಲ್ಲಿ ಈಗಾಗಲೇ ಇರುವ ಹಳೆಯ ಪ್ಲಾಸ್ಟಿಕ್ ಹಾಳೆಯನ್ನು ಈ ಹೊರಹೊದಿಕೆಗೆ ವರ್ಷಗಟ್ಟಲೆ ಬಳಸುವುದರಲ್ಲಿ ತಪ್ಪಿಲ್ಲ. ತ್ಯಜಿಸಬೇಕಾದುದು ದಿನದಿನವೂ ಹೊಸದನ್ನು ತಂದು ಎಸೆಯುವ ಅಭ್ಯಾಸ.

ಕಾಪಾಡುವ ಕ್ರಮ

ಮನೆ ಸೇರಿದ ಪದಾರ್ಥವನ್ನು ಬಟ್ಟೆಯ ಸಂಚಿಯಲ್ಲಿಯೇ ಬಿಡುವುದು ಅಂಬತ್ತೂರಿನ ಹವೆಗೆ ಒಪ್ಪದು. ಬಟ್ಟೆಯ ಕೆಲಸ ದಾರಿಯಲ್ಲಿಯೇ ಮುಗಿಯಿತು. ಬಂದ ಮರುದಿನವೇ, ಬಿಸಿಲಿದ್ದರೆ, ಶುಭ್ರವಾದ ಬಟ್ಟೆಯ ಮೇಲೆ ತೆಳುವಾಗಿ ಹರಡಿ, ಮೇಲೆ ತೆಳುಬಟ್ಟೆ ಹೊದಿಸಿ ಒಣಗಿಸಬೇಕು. ಬೆಳಗಿನ 9ರಿಂದ 3 ಗಂಟೆಯವರೆಗೆ ಸಾಕು. ಕಡಲಗಾಳಿ ಬೀಸತೊಡಗಿದ ಮೇಲೆ ಒಣಗಿದುದು ಮತ್ತೆ ತೇವವನ್ನೆಳೆಯುತ್ತದೆ. ಮೆಣಸಿನಕಾಯಿಗೆ ಎರಡು ದಿನದ ಬಿಸಿಲು ಬೇಕಾಗಬಹುದು. ಅನಗತ್ಯವಾಗಿ ವಾರಗಟ್ಟಲೆ ಒಣಗಿಸಿದರೆ ಬಣ್ಣ ಕೆಡುತ್ತದೆ. ಮಾಳಿಗೆಯಿಲ್ಲದ ವಠಾರಗಳಲ್ಲಿ ಇರುವವರು ದಪ್ಪ ತಳದ ಬಾಣಲೆಯನ್ನು ಬೆಚ್ಚಗೆ ಮಾಡಿ, ಒಲೆಯಾರಿಸಿ, ಅದರ ಬಿಸಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೈಯಾಡಿಸಬಹುದು. ಇದು ಹುರಿಯುವುದಲ್ಲ, ತೇವ ಹೋಗಿಸುವುದು.

ಒಣಗಿದುದು ಪೂರ್ತಿ ತಣ್ಣಗಾದ ಮೇಲೆ ಡಬ್ಬಿಗೆ ತುಂಬಬೇಕು. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ಕಟ್ಟುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಕಂದು ಗಾಜಿನ ಸೀಸೆ, ಪಿಂಗಾಣಿಯ ಜಾಡಿ ಎಲ್ಲವೂ ಆಗುತ್ತವೆ. ಬಿಳಿಯ ಗಾಜಾದರೆ ಬೆಳಕು ತಾಗದ ಕಪಾಟಿನಲ್ಲಿಡಬೇಕು. ಅಂದವಾಗಿ ಕಾಣಲೆಂದು ಒಲೆಯ ಮೇಲಿನ ಹಲಗೆಯಲ್ಲಿ ಸಾಲಾಗಿ ಜೋಡಿಸುವುದು ಶಾಖಕ್ಕೂ ಆವಿಗೂ ಪದಾರ್ಥವನ್ನು ಒಪ್ಪಿಸಿದಂತೆ. ಕುದಿಯುವ ಪಾತ್ರೆಯ ಮೇಲೆ ಡಬ್ಬಿಯನ್ನು ಬಗ್ಗಿಸದೆ ಒಣ ಚಮಚದಿಂದ ತೆಗೆದು ಹಾಕುವ ಅಭ್ಯಾಸ ಮನೆಮಂದಿಗೆಲ್ಲ ಇರಬೇಕು.

ಹುಳುವಿನ ಭಯವುಳ್ಳ ಕೊತ್ತಂಬರಿ ಬೀಜ, ಮೆಣಸಿನಕಾಯಿಗಳನ್ನು, ಸ್ಥಳವಿದ್ದರೆ, ಡಬ್ಬಿಯ ಸಮೇತ ಒಂದು ವಾರ ಶೀತಲ ಪೆಟ್ಟಿಗೆಯ ಹಿಮದ ಅಂಕಣದಲ್ಲಿಟ್ಟರೆ ಮೊಟ್ಟೆ, ಮರಿಗಳು ಸಾಯುತ್ತವೆ. ಹೊರತೆಗೆದ ಡಬ್ಬಿ ಕೋಣೆಯ ಶಾಖಕ್ಕೆ ಬರುವವರೆಗೆ ಮುಚ್ಚಳ ತೆರೆಯಬಾರದು. ತೆರೆದರೆ ಹೊರಗಿನ ತೇವ ಪದಾರ್ಥದ ಮೇಲೆ ಹನಿಗಟ್ಟುತ್ತದೆ. ಡಬ್ಬಿಯಲ್ಲಿ ಇಂಗಿನ ತುಂಡನ್ನಿಟ್ಟರೆ ಹುಳು ಬಾರದೆಂಬ ನಂಬಿಕೆ ಹಿರಿಯರಲ್ಲಿದೆ. ಇಟ್ಟರೆ ಬಾಧಕವಿಲ್ಲ, ಆದರೆ ಇಂಗು ತೇವವನ್ನು ತಡೆಯಲಾರದು.

ಪ್ರಮಾಣದಲ್ಲಿಯೂ ವಿವೇಕ ಬೇಕು. ವರ್ಷಕ್ಕಾಗುವಷ್ಟು ಮೆಣಸಿನಕಾಯಿಯನ್ನು ಒಮ್ಮೆಗೇ ಕೊಳ್ಳುವ ರೂಢಿ ಒಣಸೀಮೆಯದು. ಅಂಬತ್ತೂರಿನಲ್ಲಿ ಮೂರು ತಿಂಗಳ ಅಗತ್ಯಕ್ಕಿಂತ ಹೆಚ್ಚನ್ನು ಕೂಡಿಡದಿರುವುದು ಜಾಣತನ. ಸೆಪ್ಟೆಂಬರಿನ ಬಿಸಿಲಿನಲ್ಲಿ ಇದ್ದುದನ್ನೆಲ್ಲ ಮತ್ತೊಮ್ಮೆ ಒಣಗಿಸಿ, ಮಳೆಯ ಮೂರು ತಿಂಗಳಿಗೆ ಸಣ್ಣ ಡಬ್ಬಿಗಳಲ್ಲಿ ಹಂಚಿಟ್ಟರೆ, ಒಂದನ್ನು ತೆರೆದಾಗ ಉಳಿದವು ಸುರಕ್ಷಿತವಾಗಿರುತ್ತವೆ. ಪುಡಿಯನ್ನು ಎರಡು ಮೂರು ವಾರಕ್ಕೆ ಸಾಲುವಷ್ಟೇ ಮಾಡಿಕೊಳ್ಳಬೇಕು. ಗಿರಣಿಯಿಂದ ಬಂದ ಪುಡಿ ಬಿಸಿಯಾಗಿರುವುದರಿಂದ ತಟ್ಟೆಯಲ್ಲಿ ಹರಡಿ ಆರಿಸಿ ತುಂಬಬೇಕು. ಗಿರಣಿಗೂ ಸ್ಟೀಲ್ ಡಬ್ಬಿಯನ್ನೇ ಒಯ್ದರೆ ಅಲ್ಲಿಯೂ ಪ್ಲಾಸ್ಟಿಕ್ ಚೀಲದ ಪ್ರಸಂಗ ಬಾರದು.

2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಅಂಬತ್ತೂರಿನ ಕೈಗಾರಿಕಾ ವಸಾಹತು ಜಲಾವೃತವಾದುದನ್ನು ಕಂಡವರಿಗೆ ಇನ್ನೊಂದು ಮಾತನ್ನು ಹೇಳಬೇಕಾಗಿಲ್ಲವಾದರೂ ಹೇಳುವುದು ಒಳಿತು. ದಿನಸಿಯ ಡಬ್ಬಿಗಳನ್ನು ನೆಲಮಟ್ಟದಲ್ಲಿ ಇಡಬಾರದು. ನೆರೆಯ ನೀರು ತಾಗಿದ ಸಾಂಬಾರ ಪದಾರ್ಥವನ್ನು, ಎಷ್ಟೇ ಬೆಲೆಯದಾಗಿದ್ದರೂ, ಒಣಗಿಸಿ ಬಳಸಬಾರದು.

ಉಪಸಂಹಾರ

ಈ ಕ್ರಮದಲ್ಲಿ ಹೊಸದೇನೂ ಇಲ್ಲ. ಅಜ್ಜಿಯರು ಅನುಸರಿಸುತ್ತಿದ್ದುದೇ ಹೆಚ್ಚು ಪಾಲು. ಸಂಚಿ, ಬಿಸಿಲು, ಜಾಡಿ, ಒಣ ಚಮಚ ಇವುಗಳಿಗೆ ಹೆಚ್ಚಿನ ಖರ್ಚಿಲ್ಲ. ಹೊಸದಾಗಿ ಕಲಿಯಬೇಕಾದುದು ಎರಡೇ: ಒಣಹವೆಯ ಊರಿನ ರೂಢಿಯನ್ನು ತೇವದ ಊರಿಗೆ ತಕ್ಕಂತೆ ತಿದ್ದಿಕೊಳ್ಳುವುದು, ಮತ್ತು ಬೂಷ್ಟು ಹಿಡಿದುದನ್ನು ಮಮತೆಯಿಂದಾಗಲಿ ಮಿತವ್ಯಯದಿಂದಾಗಲಿ ಉಳಿಸಿಕೊಳ್ಳದಿರುವುದು. ಸಾಸಿವೆಯಷ್ಟು ಸುಖಕ್ಕೆ ಸಾಗರದಷ್ಟು ದುಃಖ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಊರಿನಿಂದ ಬರುವ ಗಂಟಿನಲ್ಲಿ ತಾಯಿಯ ಪ್ರೀತಿ ಇರುವುದು ನಿಜ. ಆ ಪ್ರೀತಿಗೆ ಸಲ್ಲಿಸಬೇಕಾದ ಗೌರವ, ಮಳೆಗಾಲದಲ್ಲಿ ಮುಗ್ಗಿದುದನ್ನು ಮಕ್ಕಳಿಗೆ ಬಡಿಸುವುದಲ್ಲ. ಬಂದ ಮರುದಿನವೇ ಗಂಟನ್ನು ಬಿಚ್ಚಿ, ಒಣಗಿಸಿ, ಡಬ್ಬಿಯಲ್ಲಿಡುವುದು. ಬರಿದಾದ ಸಂಚಿಯನ್ನು ಒಗೆದು ಮಡಿಸಿಟ್ಟರೆ ಮುಂದಿನ ರಜೆಗೆ ಅದು ಮತ್ತೆ ಊರಿಗೆ ಹೋಗಲು ಸಿದ್ಧವಾಗಿರುತ್ತದೆ.